ಉಳಿದ ಒಂದಾಣೆ ಯಾರದು?

ಕಂಪ್ಯೂಟರಿನ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ನಮ್ಮ ಶಿಕಾರಿಪುರ, ಸೊರಬದ ಕಡೆ ಬಹಳ ಗಟ್ಟಿ. ಕಿರಾಣಿ ಅಂಗಡಿಯಲ್ಲಿ ಬೆಲ್ಲದ ದರ ಜಾಸ್ತಿಯಾಯಿತಲ್ಲ ಎಂದರೆ ಚೌಕಾಸಿಗೆ ಜಾಗ ಉಂಟು. ಕೂಡಿದ ಮೊತ್ತ ಜಾಸ್ತಿಯಾಯಿತಲ್ಲ ಎಂದರೆ ಇಲ್ಲ. "ಕಂಪ್ಯೂಟರ್ ಬಿಲ್ ಸಾರ್" ಎಂದು ಚೀಟಿ ಹರಿದು ಕೈಗಿಟ್ಟ ಮೇಲೆ ಅದಕ್ಕೆ ಮೇಲ್ಮನವಿಯೇ ಇಲ್ಲ. ಹಿಂದೆ ಅಂಗಡಿಯವರು ಪೊಟ್ಟಣದ ಕಾಗದದ ಮೇಲೆ ಬರೆದು ಕೂಡುತ್ತಿದ್ದಾಗ, ತಲೆಕೆಳಗಾಗಿ ಕಾಣುವ ಅಂಕಿಗಳನ್ನೇ ಓದಿ, ಅವರಿಗಿಂತ ಮೊದಲು ಮೊತ್ತ ಹೇಳುವ ಗಿರಾಕಿಗಳಿದ್ದರು. ಆ ಜಾತಿಯ ಗಿರಾಕಿಗಳು ಈಗ ಅಪರೂಪ.

ಇಂಥ ಊರಿನಲ್ಲಿ ಮಕ್ಕಳಿಗೆ ಪ್ರೋಗ್ರಾಮಿಂಗಿನ ಓನಾಮ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಕರೆಂಟು ಇದ್ದಷ್ಟು ಹೊತ್ತು ಪಾಠ, ಹೋದಾಗ ಹರಟೆ. ಹರಟೆಯಲ್ಲಿ ಕಲಿತದ್ದೇ ಹೆಚ್ಚು ದಿನ ನೆನಪಿರುತ್ತದೆ ಎಂಬುದು ಮಕ್ಕಳ ಅಭಿಪ್ರಾಯ. ನನ್ನದೂ ಅದೇ, ಆದರೆ ಸಿಬ್ಬಂದಿ ಸಭೆಯಲ್ಲಿ ಹೇಳುವುದಿಲ್ಲ. ಪ್ರತಿ ವರ್ಷವೂ ಒಂದು ದಿನ ಯಾರಾದರೂ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದು 0.1 ಕೂಡಿಸು 0.2 ಎಂದು ಬರೆದು, ಉತ್ತರ ನೋಡಿ ಕೈ ಎತ್ತುತ್ತಾರೆ. ಈ ಸಲ ಎತ್ತಿದ್ದು ಆನವಟ್ಟಿ ಕಡೆಯ ಹುಡುಗಿ. "ಸಾರ್, ಈ ಸಿಸ್ಟಂ ಹಾಳಾಗಿದೆ." ಪರದೆಯ ಮೇಲೆ 0.30000000000000004 ಎಂದಿತ್ತು. ಪಕ್ಕದ ಸಿಸ್ಟಮ್ಮಿಗೆ ಹೋಗಿ ನೋಡು ಎಂದೆ. ಅಲ್ಲೂ ಅದೇ. "ಎಲ್ಲಾ ಒಟ್ಟಿಗೇ ಹಾಳಾಗಿವೆ ಸಾರ್" ಎಂದಳು. ತನ್ನ ತಿಳಿವಳಿಕೆಯನ್ನು ಬಿಟ್ಟು ಯಂತ್ರದ ಮೇಲೆ ಅನುಮಾನಪಟ್ಟ ಆ ಧೈರ್ಯ ನನಗೆ ಹಿಡಿಸಿತು. ಬಿಲ್ಲಿನ ಮೊತ್ತ ಕೇಳುವ ಗಿರಾಕಿಗಳ ವಂಶ ಪೂರ್ತಿ ಅಳಿದಿಲ್ಲ.

ಯಂತ್ರ ಹಾಳಾಗಿಲ್ಲ. ಅದಕ್ಕೆ ಹತ್ತನೆಯ ಒಂದು ಭಾಗ ಎಂಬುದು ಗೊತ್ತಿಲ್ಲ, ಅಷ್ಟೆ. ಅದು ಹಳೇ ಕಾಲದ ಶ್ಯಾನುಭೋಗರ ಪೈಕಿ. ಅರೆ, ಕಾಲು, ಅರೆಕಾಲು, ವೀಸ, ಇವಿಷ್ಟೇ ಅದರ ಮಗ್ಗಿ. ಒಂದನ್ನು ಎರಡು ಮಾಡು, ಅದನ್ನು ಮತ್ತೆ ಎರಡು ಮಾಡು ಎಂದರೆ ಎಷ್ಟು ದೂರ ಬೇಕಾದರೂ ಹೋಗುತ್ತದೆ: ಎರಡನೆಯ ಒಂದು, ನಾಲ್ಕನೆಯ ಒಂದು, ಎಂಟನೆಯ ಒಂದು, ಹದಿನಾರನೆಯ ಒಂದು ವೀಸ, ಅದರಾಚೆ ಮೂವತ್ತೆರಡು, ಅರವತ್ತನಾಲ್ಕು. ಕೂಲಿಮಠದಲ್ಲಿ ಕಾಲಿನ ಮಗ್ಗಿ, ಅರೆಯ ಮಗ್ಗಿ ಒಪ್ಪಿಸಿದ ಅಜ್ಜಂದಿರನ್ನು ಇಂದು ನಮ್ಮ ಲ್ಯಾಬಿನಲ್ಲಿ ಕೂರಿಸಿದರೆ ನನ್ನ ಮಕ್ಕಳಿಗಿಂತ ಬೇಗ ಅವರಿಗೆ ಈ ಯಂತ್ರದ ಸ್ವಭಾವ ತಿಳಿಯುತ್ತಿತ್ತು. ರೂಪಾಯಿಗೆ ಹದಿನಾರಾಣೆ, ಸೇರಿಗೆ ಹದಿನಾರು ಚಟಾಕು ಎಂಬ ಲೆಕ್ಕದಲ್ಲಿ ಬೆಳೆದವರು ಅವರು.

ಆ ಲೆಕ್ಕದಲ್ಲಿ ರೂಪಾಯಿಯ ಹತ್ತನೆಯ ಒಂದು ಭಾಗ ಕೊಡಿ ಎಂದು ಕೇಳಿ ನೋಡಿ. ಮೊದಲು ಒಂದಾಣೆ ಕೊಡಬೇಕು. ಸಾಲದು. ಅರ್ಧಾಣೆ ಸೇರಿಸಬೇಕು. ಇನ್ನೂ ಸ್ವಲ್ಪ ಬಾಕಿ. ಕಾಲಾಣೆ ಕೊಟ್ಟರೆ ಜಾಸ್ತಿಯಾಗುತ್ತದೆ, ಅದನ್ನು ಬಿಡಬೇಕು; ಅರೆಕಾಲಾಣೆಯೂ ಜಾಸ್ತಿಯೇ, ಅದನ್ನೂ ಬಿಡಬೇಕು. ಅದರ ಅರ್ಧ ಕೊಡಬಹುದು, ಅದರ ಅರ್ಧವನ್ನೂ ಕೊಡಬಹುದು. ಮುಂದಿನ ಎರಡನ್ನು ಮತ್ತೆ ಬಿಡಬೇಕು. ಎರಡು ಕೊಡು, ಎರಡು ಬಿಡು, ಎರಡು ಕೊಡು, ಎರಡು ಬಿಡು, ಹೀಗೇ ಪ್ರಳಯದವರೆಗೆ ಕೊಡುತ್ತಿದ್ದರೂ ಬಾಕಿ ತೀರುವುದಿಲ್ಲ. ಹತ್ತು ಎಂದರೆ ಎರಡು ಗುಣಿಸು ಐದು. ಬರೀ ಅರ್ಧ ಮಾಡುತ್ತಾ ಹೋಗುವವರ ಕೈಗೆ ಆ ಐದು ಸಿಕ್ಕುವುದೇ ಇಲ್ಲ. ಕಂಪ್ಯೂಟರಿನ ಪುಸ್ತಕದಲ್ಲಿ ಖಾನೆಗಳು ಬೇರೆ ಎಣಿಸಿಟ್ಟಷ್ಟು. ಖಾನೆ ಮುಗಿದಲ್ಲಿ ಅದು ಹತ್ತಿರದ ಅಂಕಿಗೆ ಸರಿ ಮಾಡಿ ಪುಟ ಮುಚ್ಚುತ್ತದೆ. ಹಾಗಾಗಿ ನಾವು 0.1 ಎಂದು ಬರೆದದ್ದು ಅದರಲ್ಲಿ 0.1000000000000000055 ಎಂಬಂತೆ ತುಸು ಹೆಚ್ಚಾಗಿ ಕೂರುತ್ತದೆ. 0.2 ಕೂಡ ತುಸು ಹೆಚ್ಚು. 0.3 ಮಾತ್ರ ತುಸು ಕಡಿಮೆಯಾಗಿ ಕೂರುತ್ತದೆ. ಎರಡು ಹೆಚ್ಚುಗಳನ್ನು ಕೂಡಿ ಒಂದು ಕಡಿಮೆಗೆ ಸಮವೇ ಎಂದು ಕೇಳಿದರೆ ಯಂತ್ರ ಅಲ್ಲ ಎನ್ನುತ್ತದೆ. ನ್ಯಾಯವಾಗಿಯೇ ಹೇಳುತ್ತದೆ.

ನಮ್ಮ ದೇಶಕ್ಕೂ ಒಮ್ಮೆ ಇದೇ ಸಂಕಟ ಬಂದಿತ್ತು, ತಿರುವುಮುರುವಾಗಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಪೈಸೆಗೆ ಮೂರು ಪೈ. ಅಂದಿನಿಂದ ರೂಪಾಯಿಗೆ ನೂರು ನಯಾಪೈಸೆ. ನಾಲ್ಕಾಣೆಗೆ ಇಪ್ಪತ್ತೈದು, ಎಂಟಾಣೆಗೆ ಐವತ್ತು, ಹನ್ನೆರಡಾಣೆಗೆ ಎಪ್ಪತ್ತೈದು ಎಂಬಲ್ಲಿ ಜಗಳವಿಲ್ಲ. ಆದರೆ ಒಂದಾಣೆಗೆ ಆರೂಕಾಲು. ಆರೂಕಾಲು ನಯಾಪೈಸೆಯನ್ನು ಯಾರು ಎಲ್ಲಿಂದ ತರಬೇಕು? ಸರ್ಕಾರ ಪಟ್ಟಿ ಕೊಟ್ಟಿತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡುವುದು, ಅರ್ಧಕ್ಕಿಂತ ಹೆಚ್ಚಾದರೆ ಪೂರ್ತಿ ಹಿಡಿಯುವುದು.

ಈ ಪಟ್ಟಿಯನ್ನು ಲ್ಯಾಬಿನ ಬೋರ್ಡಿನ ಮೇಲೆ ಬರೆದು ಬಿಟ್ಟರೆ ಸಾಕು, ಮಕ್ಕಳೊಳಗಿನ ಶೆಟ್ಟರು ಎಚ್ಚರಗೊಳ್ಳುತ್ತಾರೆ. ಒಂದಾಣೆಯ ಸಾಮಾನನ್ನು ಹದಿನಾರು ಸಲ ಬೇರೆಬೇರೆಯಾಗಿ ಕೊಂಡರೆ ತೊಂಬತ್ತಾರು ನಯಾಪೈಸೆ; ಒಟ್ಟಿಗೆ ಕೊಂಡರೆ ನೂರು. ಮೂರಾಣೆಯದಾದರೆ ಲಾಭ ಅಂಗಡಿಯವರಿಗೆ. ಒಂದೇ ಸಾಮಾನು, ಒಂದೇ ಬೆಲೆ, ಕೂಡುವ ಕ್ರಮ ಬದಲಾದರೆ ಮೊತ್ತ ಬದಲು. ಕಂಪ್ಯೂಟರಿನಲ್ಲೂ ಹೀಗೇ. ಸೊನ್ನೆಯಿಂದ ಹೊರಟು 0.1ನ್ನು ಹತ್ತು ಸಲ ಕೂಡುತ್ತಾ ಬಂದರೆ ಒಂದು ಬರುವುದಿಲ್ಲ, 0.9999999999999999 ಬರುತ್ತದೆ. ಒಂದಾಗುವವರೆಗೂ ಕೂಡುತ್ತಿರು ಎಂದು ಬರೆದ ಪ್ರೋಗ್ರಾಂ ಒಂದನ್ನು ಮುಟ್ಟದೆ ದಾಟಿಹೋಗಿ ಓಡುತ್ತಲೇ ಇರುತ್ತದೆ. ಹರಟೆ ಬಿಟ್ಟರೆ ಕರೆಂಟು ಹೋಗುವುದರಿಂದ ಉಪಕಾರವಾಗುವ ಸಂದರ್ಭ ಇದೊಂದೇ.

ಅರ್ಧ ಬಂದಾಗ ಏನು ಮಾಡಬೇಕೆಂಬುದರಲ್ಲಿ ಸರ್ಕಾರಕ್ಕೂ ಪೈಥಾನಿಗೂ ಭಿನ್ನಾಭಿಪ್ರಾಯವಿದೆ. ಎರಡಾಣೆಯ ಹನ್ನೆರಡೂವರೆಯನ್ನು ಇಬ್ಬರೂ ಹನ್ನೆರಡು ಮಾಡುತ್ತಾರೆ. ಆರಾಣೆಯ ಮೂವತ್ತೇಳೂವರೆಗೆ ಸರ್ಕಾರದ ಪಟ್ಟಿ ಮೂವತ್ತೇಳು ಎಂದಿತು. ಪೈಥಾನ್ ಮೂವತ್ತೆಂಟು ಎನ್ನುತ್ತದೆ. ಅದರ ಪದ್ಧತಿಯಲ್ಲಿ ಅರ್ಧ ಯಾವಾಗಲೂ ಸಮಸಂಖ್ಯೆಯ ಕಡೆಗೆ ಹೋಗಬೇಕು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ, ಕೊನೆಗೆ ಯಾರೊಬ್ಬರ ಮೇಲೂ ಪೂರ್ತಿ ಹೊರೆ ಬೀಳದಿರಲಿ ಎಂಬ ಯೋಚನೆ. ಇಷ್ಟು ಸಣ್ಣ ವಿಷಯಕ್ಕೂ ಒಂದು ನ್ಯಾಯಪದ್ಧತಿ ಇದೆಯಲ್ಲ ಎಂದು ನನಗೆ ಈ ಯಂತ್ರ ಮಾಡಿದವರ ಮೇಲೆ ಗೌರವ.

ಹಳೆಯ ಲೆಕ್ಕ ದಡ್ಡ, ಹೊಸದು ಜಾಣ ಎಂದುಕೊಳ್ಳುವುದೂ ಬೇಡ. ರೂಪಾಯಿಯನ್ನು ಮೂವರಿಗೆ ಹಂಚಿ ನೋಡಿ. ಹಳೆಯ ರೂಪಾಯಿಯಲ್ಲಿ 192 ಪೈ. ತಲೆಗೆ ಐದಾಣೆ ನಾಲ್ಕು ಪೈ, ಹದಿನಾರಾಣೆ ಸರಿ. ಹೊಸ ರೂಪಾಯಿಯಲ್ಲಿ ತಲೆಗೆ ಮೂವತ್ತಮೂರು ಪೈಸೆ, ಒಂದು ಪೈಸೆ ಅನಾಥ. ಹತ್ತು ಜನಕ್ಕೆ ಹಂಚಿದರೆ ಹೊಸದಕ್ಕೆ ಸುಲಭ, ಹಳೆಯದಕ್ಕೆ ಕಷ್ಟ. ಕಂಪ್ಯೂಟರಿಗೆ ಮೂವರೂ ಕಷ್ಟ, ಹತ್ತು ಜನರೂ ಕಷ್ಟ. ಇಬ್ಬರು, ನಾಲ್ವರು, ಎಂಟು ಜನ ಬಂದರೆ ಮಾತ್ರ ಮುಖ ಅರಳುತ್ತದೆ. ಯಾವ ಲೆಕ್ಕದ ಪದ್ಧತಿ ಹಿಡಿದರೂ ಅದಕ್ಕೆ ಒಗ್ಗದ ಒಂದು ಸಂಖ್ಯೆ ಇದ್ದೇ ಇರುತ್ತದೆ. ಉಳಿಕೆ ಇಲ್ಲದ ಲೆಕ್ಕ ಬೇಕೆನ್ನುವುದು ಆಸೆ. ಉಳಿದದ್ದು ಯಾರ ಪಾಲಿಗೆ ಹೋಗಬೇಕೆಂದು ಮೊದಲೇ ತೀರ್ಮಾನಿಸುವುದು ವ್ಯವಹಾರ.

ಕಂಪ್ಯೂಟರ್ 0.1ರಂಥ ಸಂಖ್ಯೆಗಳನ್ನು ಬರೆದಿಡುವ ಈ ಪದ್ಧತಿಗೆ ತೇಲುಬಿಂದು ಎಂದು ಹೆಸರು. ಇನ್ನು ಈ ಬಿಂದು ತೇಲುವುದೇಕೆ ಎಂಬ ಪ್ರಶ್ನೆ. ಇಂದಿನ ಯಂತ್ರಗಳಲ್ಲಿ ಇಂಥ ಒಂದು ಸಂಖ್ಯೆಗೆ ಸಾಮಾನ್ಯವಾಗಿ 64 ಖಾನೆ. ಒಂದು ಖಾನೆ ಕೂಡುವುದೋ ಕಳೆಯುವುದೋ ಎಂಬ ಚಿಹ್ನೆಗೆ, ಹನ್ನೊಂದು ಖಾನೆ ಬಿಂದು ಎಲ್ಲಿದೆ ಎಂಬುದಕ್ಕೆ, ಉಳಿದ 52 ಅಂಕಿಗಳಿಗೆ. ಬಿಂದುವನ್ನು ಎತ್ತ ಬೇಕಾದರೂ ಸರಿಸಬಹುದಾದ್ದರಿಂದ ಅಣುವಿನ ತೂಕವನ್ನೂ ಬರೆಯಬಹುದು, ನಕ್ಷತ್ರದ ದೂರವನ್ನೂ ಬರೆಯಬಹುದು. ಆದರೆ ಎರಡಕ್ಕೂ ಸಿಕ್ಕುವ ಅಂಕಿಗಳು ಅಷ್ಟೇ, ನಮ್ಮ ಲೆಕ್ಕದಲ್ಲಿ ಹದಿನೈದು ಹದಿನಾರು. ಸಂಖ್ಯೆ ದೊಡ್ಡದಾದಷ್ಟೂ ಪಕ್ಕದ ಸಂಖ್ಯೆ ದೂರ ಸರಿಯುತ್ತದೆ. 9007199254740992 ಎಂಬ ಸಂಖ್ಯೆಗೆ ಒಂದು ಕೂಡಿದರೆ ಅದು ಅಲ್ಲಾಡದೆ ಅಲ್ಲೇ ಕೂತಿರುತ್ತದೆ. ಸುಮಾರು ಒಂಬತ್ತು ಸಾವಿರ ಲಕ್ಷ ಕೋಟಿ ಇರುವವರಿಗೆ ಒಂದು ರೂಪಾಯಿ ಕೊಟ್ಟರೆ ಗೊತ್ತಾಗುವುದಿಲ್ಲವೆನ್ನಲು ಕಂಪ್ಯೂಟರೇನೂ ಬೇಕಾಗಿಲ್ಲ.

ತೇಲುಬಿಂದು ಹೊಸತಲ್ಲ, ಜರ್ಮನಿಯ ಕೊನ್ರಾಡ್ ಜೂಸೆ 1941ರಲ್ಲಿ ಕಟ್ಟಿದ ಜೆಡ್-3 ಯಂತ್ರದಲ್ಲೇ ಇತ್ತು. ಆಮೇಲೆ ಬಂದ ಕಂಪನಿಗಳು ತಮಗೆ ತೋಚಿದಂತೆ ಮಾಡಿಕೊಂಡವು. ಒಂದೇ ಲೆಕ್ಕಕ್ಕೆ ಒಂದೊಂದು ಯಂತ್ರ ಒಂದೊಂದು ಉತ್ತರ ಹೇಳುತ್ತಿತ್ತು. ವಿಲಿಯಂ ಕಾಹನ್ ಎಂಬ ಗಣಿತಜ್ಞರ ಮುಂದಾಳತ್ವದಲ್ಲಿ ಎಲ್ಲರನ್ನೂ ಒಂದು ನಿಯಮಕ್ಕೆ ತಂದದ್ದು 1985ರಲ್ಲಿ, ಐಇಇಇ 754 ಎಂಬ ಹೆಸರಿನಿಂದ. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂತು. ಆನವಟ್ಟಿಯ ಹುಡುಗಿಗೆ ಎರಡು ಸಿಸ್ಟಮ್ಮಿನಲ್ಲೂ ಒಂದೇ ತಪ್ಪು ಕಂಡಿತಲ್ಲ, ಅದು ಕಾಹನ್ ಅವರ ಕೊಡುಗೆ. ತಪ್ಪು ಎಲ್ಲ ಕಡೆ ಒಂದೇ ಆದರೆ ಅದಕ್ಕೆ ನಿಯಮವೆಂಬ ಮರ್ಯಾದೆ.

ಅಳತೆಯನ್ನು ಒಂದು ಮಾಡುವ ಈ ಹಂಬಲ ನಮ್ಮ ತಾಲ್ಲೂಕಿನದೂ ಹೌದು, ಅದೂ ಕಾಹನ್ ಅವರಿಗಿಂತ ಒಂಬೈನೂರು ವರ್ಷ ಮೊದಲು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವಾಗ ಬಳ್ಳಿಗಾವಿ ಹತ್ತಿರದಲ್ಲೇ ಸಿಗುತ್ತದೆ. ಕೇದಾರೇಶ್ವರ ದೇವಸ್ಥಾನ ನೋಡಲು ಬಂದವರು ಗಂಡಭೇರುಂಡದ ಕಂಬವನ್ನೂ ನೋಡಿಯೇ ಹೋಗುತ್ತಾರೆ. ಕಂಬ ಚಾಮುಂಡರಾಯನೆಂಬ ಮಾಂಡಲಿಕ 1047ರಲ್ಲಿ ನಿಲ್ಲಿಸಿದ್ದು. ಈ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯುವಾಗ ಭೇರುಂಡ ಗಳೆ ಎಂಬ ಅಳತೆಗೋಲಿನ ಹೆಸರು ಬರುತ್ತದೆ. ಗದ್ದೆಯ ದಾನ ಕೊಟ್ಟವರೂ ಪಡೆದವರೂ ಯಾವ ಕೋಲಿನಿಂದ ಎಂದು ಕಲ್ಲಿನಲ್ಲಿ ಬರೆಸಿದರು. ಲೆಕ್ಕಕ್ಕಿಂತ ಮೊದಲು ಕೋಲು ಗೊತ್ತಾಗಬೇಕು. ಆ ಕಾಲದ ನಾಡುಗಳ ಹೆಸರುಗಳೂ ಚೆಂದ: ಬನವಾಸಿ ಹನ್ನೆರಡು ಸಾವಿರ, ನಾಗರಖಂಡ ಎಪ್ಪತ್ತು. ಎಲ್ಲ ಪೂರ್ಣಾಂಕ. ನಾಗರಖಂಡ ಎಪ್ಪತ್ತೂವರೆ ಎಂದು ಯಾವ ಅರಸನೂ ಆಳಲಿಲ್ಲ.

ಬಳ್ಳಿಗಾವಿ ಎಂದ ಮೇಲೆ ಅಲ್ಲಮನ ಮಾತು ಬಾರದೆ ಇರುವುದಿಲ್ಲ. ಪಕ್ಕದ ಉಡುತಡಿ ಅಕ್ಕಮಹಾದೇವಿಯದು. ಶೂನ್ಯದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಇನ್ನೊಂದು ಸೀಮೆ ಇದ್ದೀತೇ ಎಂದು ನನಗೆ ಅನುಮಾನ. ಈಗ ಅದೇ ದಾರಿಯ ಸರ್ಕಾರಿ ಬಸ್ಸಿನಲ್ಲಿ, 2023ರ ಜೂನ್ 11ರಿಂದ, ಹೆಂಗಸರೆಲ್ಲ ಶೂನ್ಯ ದರದ ಟಿಕೆಟ್ ಹಿಡಿದು ಓಡಾಡುತ್ತಾರೆ. ಚಿಲ್ಲರೆಗಾಗಿ ಟಿಕೆಟ್ಟಿನ ಬೆನ್ನ ಮೇಲೆ ಬರೆಸಿಕೊಳ್ಳುವ ಗಂಡಸರು ಅದನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. ಕಾಹನ್ ಅವರ ನಿಯಮದಲ್ಲಿ ಸೊನ್ನೆ ಎರಡು ಇವೆ, ಕೂಡುವ ಸೊನ್ನೆ ಮತ್ತು ಕಳೆಯುವ ಸೊನ್ನೆ. ಎರಡೂ ಸಮವೇ ಎಂದು ಕೇಳಿದರೆ ಸಮ. ಒಂದನ್ನು ಅವುಗಳಿಂದ ಭಾಗಿಸಿದರೆ ಮಾತ್ರ ಒಂದು ಮೇಲಿನ ಅನಂತಕ್ಕೆ, ಇನ್ನೊಂದು ಕೆಳಗಿನ ಅನಂತಕ್ಕೆ ಹೋಗುತ್ತದೆ. ಸೊನ್ನೆಯನ್ನು ಸೊನ್ನೆಯಿಂದಲೇ ಭಾಗಿಸಿದರೆ ಬರುವುದಕ್ಕೆ 'ಸಂಖ್ಯೆಯಲ್ಲ' ಎಂದೇ ಹೆಸರು. ಅದು ಯಾವುದಕ್ಕೂ ಸಮವಲ್ಲ, ತನಗೂ ತಾನು ಸಮವಲ್ಲ. ಇದನ್ನು ಮಕ್ಕಳಿಗೆ ಹೇಳುವಾಗೆಲ್ಲ ನನಗೆ ಅನ್ನಿಸುವುದಿಷ್ಟು: ಎಂಜಿನಿಯರುಗಳಿಗೆ ಇದರಲ್ಲಿ ತಕರಾರು ಬಂದಿರಬಹುದು, ಅಲ್ಲಮನಿಗೆ ಬರುತ್ತಿರಲಿಲ್ಲ.

ಅಧ್ಯಾತ್ಮ ಸಾಕು, ಜಮೀನಿಗೆ ಬರೋಣ. ನಮ್ಮಲ್ಲಿ ಆಣೆ ಸತ್ತಿಲ್ಲ. ನಾಲ್ಕಾಣೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡರೂ ಪಹಣಿಯಲ್ಲಿ ಆಣೆ ಬದುಕಿದೆ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರಾಣೆ. ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಹದಿನೈದು ರೂಪಾಯಿಗೆ ಪಹಣಿ ಕೈಗೆ ಸಿಗುವಂತೆ ಮಾಡಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಅದರಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಈ ಬಿಂದು ತೇಲುವುದೂ ಇಲ್ಲ, ಅದು ದಶಾಂಶದ ಬಿಂದುವೂ ಅಲ್ಲ. ಎಕರೆ ಮತ್ತು ಗುಂಟೆಯ ನಡುವಿನ ಬದು. 2.20ಕ್ಕೆ 1.30 ಕೂಡಿಸಿ ಎಂದು ತರಗತಿಯಲ್ಲಿ ಕೊಡುತ್ತೇನೆ. ಕೀಲಿಮಣೆ ಮುಟ್ಟುವವರೆಲ್ಲ 3.5 ಎನ್ನುತ್ತಾರೆ. ಮನೆಯಲ್ಲಿ ಜಮೀನಿರುವ ಹುಡುಗರು ಹಿಂದಿನ ಬೆಂಚಿನಿಂದ ನಾಲ್ಕು ಎಕರೆ ಹತ್ತು ಗುಂಟೆ ಎನ್ನುತ್ತಾರೆ. ಗಣಿತದಲ್ಲಿ ಹಿಂದೆ ಎಂದು ಹೆಸರು ಪಡೆದವರು ಆ ದಿನ ಮುಂದೆ ಬರುತ್ತಾರೆ.

ಮುಂದಿನ ಪ್ರಶ್ನೆ ಇನ್ನೂ ಹತ್ತಿರದ್ದು. ಒಂದು ಎಕರೆ, ಮೂವರು ಅಣ್ಣತಮ್ಮಂದಿರು. ಹಿಸ್ಸೆ ಮಾಡಿ. ಎಕರೆಗೆ 640 ಆಣೆ. ತಲೆಗೆ 213, ಅಂದರೆ ಹದಿಮೂರು ಗುಂಟೆ ಐದಾಣೆ. ಒಂದಾಣೆ ಉಳಿಯಿತು. ಗುಂಟೆ 1089 ಚದರಡಿಯಾದರೆ ಒಂದಾಣೆ ಎಂದರೆ 68 ಚದರಡಿ ಚಿಲ್ಲರೆ, ಒಂದು ಅಡಿಕೆ ಗಿಡ ಊರುವಷ್ಟು ಜಾಗ. 13.333 ಎಂದು ಬರೆದು ಪ್ರೋಗ್ರಾಂ ಮುಗಿಸಿದವರು ಜಗಳವನ್ನು ಮುಂದಿನ ತಲೆಮಾರಿಗೆ ದಾಟಿಸಿದ ಹಾಗಾಯಿತು. ಯಾರಿಗೆ 214 ಎಂದು ಬರೆಯಲೇಬೇಕು. "ಸಾರ್, ದೊಡ್ಡಣ್ಣನಿಗೆ" ಎಂದು ಒಬ್ಬ ಹೇಳಿದರೆ, "ಅವ್ವನ್ನ ನೋಡ್ಕೊಳ್ಳೋರಿಗೆ" ಎಂದು ಹುಡುಗಿಯೊಬ್ಬಳು ಹೇಳುತ್ತಾಳೆ. ಪೈಥಾನಿನಲ್ಲಿ ಎರಡನೆಯ ನಿಯಮ ಬರೆಯುವುದು ಕಷ್ಟ, ಆದರೆ ನಿಯಮ ಬೇಕೆಂಬುದು ಇಡೀ ತರಗತಿಗೆ ತಿಳಿದಿರುತ್ತದೆ.

ಉಳಿಕೆಯನ್ನು ಕೇಳದೆ ಬಿಟ್ಟವರ ಕಥೆಗಳು ಹೊರಗಿನ ಪ್ರಪಂಚದಲ್ಲಿ ಸಾಕಷ್ಟಿವೆ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರ ಜನವರಿಯಲ್ಲಿ 1000 ಅಂಕದಿಂದ ಸೂಚ್ಯಂಕವೊಂದನ್ನು ಶುರುಮಾಡಿತು. ಪ್ರತಿ ವಹಿವಾಟಿಗೂ ಅದನ್ನು ಹೊಸದಾಗಿ ಲೆಕ್ಕಹಾಕಿ, ಮೂರು ದಶಾಂಶದ ಆಚೆಗಿನದನ್ನು ಕತ್ತರಿಸಿ ಎಸೆಯುತ್ತಿದ್ದರು. ದಿನಕ್ಕೆ ಸಾವಿರಾರು ಸಲ ಎಸೆದು ಎಸೆದು, ಇಪ್ಪತ್ತೆರಡು ತಿಂಗಳಲ್ಲಿ ಅದು 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1098. ಇದರಲ್ಲಿ ಹೋದದ್ದು ಬರೀ ಮಾನ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಹೋದದ್ದು ಜೀವ. ಅಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಮತ್ತದೇ ಹತ್ತನೆಯ ಒಂದು! ಅದರ ಬಿಂದು ತೇಲುವಂಥದ್ದಲ್ಲ, ನಿಂತದ್ದು, ಖಾನೆಗಳು 24. ಕಾಯಿಲೆ ಮಾತ್ರ ಇದೇ. ನೂರು ಗಂಟೆ ನಿಲ್ಲಿಸದೆ ನಡೆಸಿದಾಗ ಗಡಿಯಾರ ಒಂದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತ್ತು. ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಅದು ಬೇರೆ ಕಡೆ ಹುಡುಕಿತು. 28 ಅಮೆರಿಕನ್ ಸೈನಿಕರು ಸತ್ತರು.

ಇಷ್ಟೆಲ್ಲ ಕೇಳಿದ ಮೇಲೆ ಮಕ್ಕಳು ತೇಲುಬಿಂದುವೇ ಬೇಡ ಎನ್ನುತ್ತಾರೆ. ಅದೂ ಅತಿಯಾಯಿತು. ಅಂಜನಾಪುರ ಕೆರೆ ಕೋಡಿ ಬೀಳುವ ಮಳೆಗಾಲದಲ್ಲಿ ಮಳೆಮಾಪಕ ಓದುವವರಿಗೆ ಮಿಲಿಮೀಟರಿನ ಹತ್ತನೆಯ ಭಾಗ ಗೊತ್ತಾದರೆ ಹೆಚ್ಚು. ಹದಿನೇಳನೆಯ ಅಂಕಿಯ ತಪ್ಪಿನಿಂದ ಯಾರ ಗದ್ದೆಯೂ ಕೊಚ್ಚಿಹೋಗುವುದಿಲ್ಲ. ಹಾಲಿನ ಡೇರಿಯಲ್ಲಿ ಫ್ಯಾಟು 4.1 ಎಂದು ಬಂದರೆ ಆ ಯಂತ್ರ ನೋಡಿದ್ದೇ ಅಂದಾಜಿಗೆ. ಅಳೆದು ತಂದ ಸಂಖ್ಯೆಗಳೆಲ್ಲ ಹುಟ್ಟುವಾಗಲೇ ತುಸು ಹೆಚ್ಚುಕಡಿಮೆ. ಅವುಗಳಿಗೆ ತೇಲುಬಿಂದು ತಕ್ಕ ಮನೆ. ಎಣಿಸಿದ ಸಂಖ್ಯೆಗಳ ಜಾತಿ ಬೇರೆ. ರೈತರಿಗೆ ಕೊಡಬೇಕಾದ ದುಡ್ಡು ಎಣಿಕೆಯದ್ದು. 4.35 ರೂಪಾಯಿಯನ್ನು ನೂರರಿಂದ ಗುಣಿಸಿ ಪೈಸೆ ಮಾಡಿ, ದಶಾಂಶದ ಭಾಗ ಕಿತ್ತುಹಾಕು ಎಂದು ಪೈಥಾನಿಗೆ ಹೇಳಿ ನೋಡಿ, 434 ಎನ್ನುತ್ತದೆ. ಒಂದು ಪೈಸೆ ಎಲ್ಲಿಗೆ ಹೋಯಿತು ಎಂದು ಕೇಳಲು ಹಾಲು ಹಾಕಿದವರು ಅಲ್ಲಿರುವುದಿಲ್ಲ, ಅವರು ಕೊಟ್ಟಿಗೆಯಲ್ಲಿರುತ್ತಾರೆ.

ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಬೆಂಗಳೂರಿಗೆ ಹೋಗುತ್ತಾರೆ, ಕೆಲವರು ಇಲ್ಲೇ ಡೇರಿಗೂ ಸೊಸೈಟಿಗೂ ಅಡಿಕೆ ಮಂಡಿಗೂ ಪ್ರೋಗ್ರಾಂ ಬರೆಯುತ್ತಾರೆ. ಎಲ್ಲರಲ್ಲೂ ನನ್ನ ವಿನಂತಿ ಒಂದೇ. ದುಡ್ಡನ್ನು ಪೈಸೆಯಲ್ಲಿ ಬರೆಯಿರಿ, ಜಮೀನನ್ನು ಆಣೆಯಲ್ಲಿ ಬರೆಯಿರಿ, ಎರಡನ್ನೂ ಪೂರ್ಣಾಂಕವಾಗಿ ಇಡಿ. ಮಳೆ, ಜ್ವರ, ಫ್ಯಾಟುಗಳನ್ನು ತೇಲುಬಿಂದುವಿಗೆ ಬಿಡಿ. ಆದರೆ ಅಂಥ ಎರಡು ಸಂಖ್ಯೆಗಳು ಸಮವೇ ಎಂದು ಯಂತ್ರವನ್ನು ಕೇಳಬೇಡಿ, ಸಾಕಷ್ಟು ಹತ್ತಿರ ಇವೆಯೇ ಎಂದು ಕೇಳಿ. ಭಾಗಾಕಾರ ಬಂದಲ್ಲೆಲ್ಲ ಉಳಿದದ್ದು ಯಾರಿಗೆ ಎಂಬ ಒಂದು ಸಾಲನ್ನು ನೀವೇ ಬರೆಯಿರಿ. ನೀವು ಬರೆಯದಿದ್ದರೆ ಅದನ್ನು ಯಂತ್ರ ತೀರ್ಮಾನಿಸುತ್ತದೆ, ಯಾರನ್ನೂ ಕೇಳದೆ.